ಮಲೆನಾಡಿನ ಮನೆಗೆ ಕಡಿಮೆ ಖರ್ಚಿನ ಮೊದಲ ಕಂಪ್ಯೂಟರ್

ಕಂಪ್ಯೂಟರ್ ಅಂಗಡಿಗೆ ಹೋಗುವ ಮೊದಲು ಮನೆಯ ಪ್ಲಗ್ ನೋಡಿ. ತೋಟದ ಪಂಪುಗಳು ಓಡುವ ಹೊತ್ತಿಗೆ ಎಲೆಕ್ಟ್ರಿಷಿಯನ್‌ನಿಂದ ಮೀಟರ್ ಹಿಡಿಸಿ ಮೂರು ಅಳತೆ ತೆಗೆಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 220ರಿಂದ 240 ವೋಲ್ಟ್ ಇರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ತೋರಿಸಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ 5 ವೋಲ್ಟಿಗಿಂತ ಕಡಿಮೆ ಇರಬೇಕು. ಮೂರನೆಯದು ಜಾಸ್ತಿ ಬಂದರೆ, ಅಥವಾ ಎರಡನೆಯದು ಬರದೇ ಹೋದರೆ, ಅರ್ಥಿಂಗ್ ಸರಿಯಿಲ್ಲ. ಅದನ್ನು ಸರಿಮಾಡಿಸದೆ ತಂದ ಯಂತ್ರ ಯಾವ ಕಂಪನಿಯದಾದರೂ ಮೊದಲ ಗುಡುಗಿನ ಮಳೆಗೇ ಅಪಾಯದಲ್ಲಿರುತ್ತದೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಹಳ್ಳಿಗಳಲ್ಲಿ ಕಂಪ್ಯೂಟರ್ ಹಾಳಾಗುವುದು ಹಳತಾಗಿ ಅಲ್ಲ. ಸಿಡಿಲು, ವೋಲ್ಟೇಜ್ ಏರಿಳಿತ, ಥಂಡಿ ಈ ಮೂರರಿಂದ. ಆದ್ದರಿಂದ ದುಡ್ಡಿನ ಲೆಕ್ಕ ಹಾಕುವಾಗ ಕರೆಂಟಿನ ರಕ್ಷಣೆಯನ್ನೂ ಯಂತ್ರದ ಬೆಲೆಯೊಳಗೇ ಸೇರಿಸಿಕೊಳ್ಳಿ.

ಕಂಪ್ಯೂಟರ್ ಬೇಕೇ ಬೇಕೇ ಎಂಬುದನ್ನೂ ಇದೇ ಹಂತದಲ್ಲಿ ತೀರ್ಮಾನಿಸಿ. ಪಹಣಿ ನೋಡುವುದು, ಅಡಿಕೆ ಧಾರಣೆ ನೋಡುವುದು, ಕರೆಂಟ್ ಬಿಲ್ ಕಟ್ಟುವುದು ಇಷ್ಟೇ ಆದರೆ ಕೈಯಲ್ಲಿರುವ ಫೋನ್ ಸಾಕು. ಪಿಯುಸಿ, ಡಿಗ್ರಿ ಓದುವ ಮಕ್ಕಳಿದ್ದರೆ, ಸಿಇಟಿಯಂತಹ ಉದ್ದುದ್ದ ಅರ್ಜಿ ತುಂಬುವುದಿದ್ದರೆ, ಸಹಕಾರ ಸಂಘದ ಅಥವಾ ಮನೆಯ ಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ಇಡುವುದಿದ್ದರೆ, ಕನ್ನಡದಲ್ಲಿ ಪುಟಗಟ್ಟಲೆ ಟೈಪ್ ಮಾಡುವುದಿದ್ದರೆ ದೊಡ್ಡ ಪರದೆ ಮತ್ತು ಕೀಬೋರ್ಡ್ ಬೇಕಾಗುತ್ತದೆ. ಇವುಗಳಲ್ಲಿ ಯಾವುದಕ್ಕೂ ಐ7ನಂಥ ದುಬಾರಿ ಪ್ರೊಸೆಸರ್ (ಯಂತ್ರದ ಮಿದುಳು) ಬೇಡ, ಗ್ರಾಫಿಕ್ಸ್ ಕಾರ್ಡ್ ಬೇಡ. ಯಾರಾದರೂ ‘ಮುಂದೆ ಬೇಕಾಗಬಹುದು’ ಎಂದು ಅವನ್ನು ತೋರಿಸಿದರೆ ಆ ದುಡ್ಡನ್ನು ಕರೆಂಟ್ ಹೋದಾಗ ಸ್ವಲ್ಪ ಹೊತ್ತು ಬ್ಯಾಟರಿಯಿಂದ ಓಡಿಸುವ ಯುಪಿಎಸ್‌ಗೆ ಹಾಕಿ.

ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ

ದಿನಕ್ಕೆ ಒಂದೆರಡು ಸಲ ಹತ್ತು ನಿಮಿಷ ಕರೆಂಟ್ ಹೋಗುವ ಊರಾದರೆ ಡೆಸ್ಕ್‌ಟಾಪ್ ಒಳ್ಳೆಯದು. ಅದೇ ದುಡ್ಡಿಗೆ ಹೆಚ್ಚು ಶಕ್ತಿ ಸಿಗುತ್ತದೆ, ಕೀಬೋರ್ಡ್ ಹೋದರೆ ಕೀಬೋರ್ಡ್ ಮಾತ್ರ ಬದಲಾಯಿಸಬಹುದು, ಮಗುವಿನ ಕುತ್ತಿಗೆಗೂ ಹಿತ. ಜಡಿಮಳೆಯಲ್ಲಿ ಮರ ಬಿದ್ದು ಇಡೀ ದಿನ, ಕೆಲವೊಮ್ಮೆ ಎರಡು ದಿನ ಲೈನ್ ಇಲ್ಲದಿರುವ ಊರಾದರೆ ಲ್ಯಾಪ್‌ಟಾಪ್ ಬಗ್ಗೆ ಯೋಚಿಸಿ. ಸಾಧಾರಣ ಕೆಲಸಕ್ಕೆ ಅದು ಎಳೆಯುವುದು 10ರಿಂದ 15 ವಾಟ್ ಮಾತ್ರ. ಮನೆಯ ಇನ್ವರ್ಟರಿಗೆ ಒಂದು ಎಲ್‌ಇಡಿ ಬಲ್ಬಿನಷ್ಟೇ ಭಾರ.

ಇವೆರಡರ ನಡುವೆ ಇನ್ನೊಂದು ಜಾತಿ ಇದೆ, ಮಲೆನಾಡಿಗೆ ನಮ್ಮ ಮೊದಲ ಸಲಹೆ ಅದೇ: ಮಿನಿ ಪಿಸಿ. ಡೆಲ್ ಇದನ್ನು ಮೈಕ್ರೋ ಎನ್ನುತ್ತದೆ, ಲೆನೊವೊ ಟೈನಿ ಎನ್ನುತ್ತದೆ, ಎಚ್‌ಪಿ ಮಿನಿ ಎನ್ನುತ್ತದೆ. ದಪ್ಪ ಪುಸ್ತಕದಷ್ಟೇ ಇರುವ ಈ ಡಬ್ಬಿಗೆ ಲ್ಯಾಪ್‌ಟಾಪಿನ ಹಾಗೆ ಹೊರಗಿನ ಅಡಾಪ್ಟರ್ ಇರುತ್ತದೆ. ಅಡಾಪ್ಟರ್ ಮೇಲೆ ‘ಇನ್‌ಪುಟ್ 100–240 ವೋಲ್ಟ್’ ಎಂದು ಬರೆದಿರುತ್ತದೆ. ಬೇಸಿಗೆಯಲ್ಲಿ ವೋಲ್ಟೇಜ್ 160ಕ್ಕೆ ಇಳಿದರೂ ಅದು ಓಡುತ್ತದೆ. ಸಿಡಿಲಿಗೆ ಸುಟ್ಟರೆ ಬಹಳ ಸಲ ಅಡಾಪ್ಟರ್ ಮಾತ್ರ ಹೋಗಿ ಯಂತ್ರ ಉಳಿಯುತ್ತದೆ, ಬದಲಿ ಅಡಾಪ್ಟರ್ ಶಿವಮೊಗ್ಗದಲ್ಲೇ ಹುಡುಕಿದರೆ ಸಿಗುತ್ತದೆ. ದೊಡ್ಡ ಕ್ಯಾಬಿನೆಟ್ಟಿನ ಕಂಪನಿ ಡೆಸ್ಕ್‌ಟಾಪ್‌ಗಳದ್ದು ಬೇರೆ ಕಥೆ. ಅವುಗಳಿಗೆ ಕರೆಂಟ್ ಒದಗಿಸುವ ಒಳಗಿನ ಡಬ್ಬಿಯಾದ ಎಸ್‌ಎಂಪಿಎಸ್ ಆಯಾ ಕಂಪನಿಯದೇ ಆಕಾರ, ಆಯಾ ಕಂಪನಿಯದೇ ಪಿನ್. ಅದು ಹೋದರೆ ಪಕ್ಕದ ಅಂಗಡಿಯ ಮಾಮೂಲಿ ಎಸ್‌ಎಂಪಿಎಸ್ ಕೂರುವುದಿಲ್ಲ, ಬೆಂಗಳೂರಿನಿಂದ ತರಿಸಿಕೊಳ್ಳುವವರೆಗೆ ಕಾಯಬೇಕು. ಅಸೆಂಬಲ್ ಮಾಡಿದ ಪಿಸಿಗೆ ಆ ತೊಂದರೆ ಇಲ್ಲ, ಆದರೆ ಅದರಲ್ಲಿ ಹಾಕುವ ಅಗ್ಗದ ಎಸ್‌ಎಂಪಿಎಸ್ ಕಡಿಮೆ ವೋಲ್ಟೇಜಿಗೆ ನಿಲ್ಲುವುದಿಲ್ಲ. ಯಾವುದನ್ನೇ ಕೊಳ್ಳುವಾಗಲೂ ಹಿಂಬದಿಯ ಲೇಬಲ್ ಓದಿ. 100–240 ಎಂದಿದ್ದರೆ ಸರಿ; 200–240 ಎಂದೋ 230 ಎಂದೋ ಮಾತ್ರ ಇದ್ದರೆ ಯುಪಿಎಸ್ ಇಲ್ಲದೆ ಹಚ್ಚಬೇಡಿ.

ಐ5 ಅಂದರೆ ಸಾಲದು

ಕಡಿಮೆ ಖರ್ಚಿಗೆ ಸಿಗುವ ಗಟ್ಟಿ ಯಂತ್ರಗಳು ಹೆಚ್ಚಾಗಿ ರೀಫರ್ಬಿಷ್ಡ್, ಅಂದರೆ ಕಚೇರಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟವು. ಬೆಂಗಳೂರಿನ ಎಸ್‌ಪಿ ರಸ್ತೆಯಂತಹ ಕಡೆಯಿಂದ ಶಿವಮೊಗ್ಗದ ಅಂಗಡಿಗಳಿಗೂ ಬರುತ್ತವೆ. ಇಲ್ಲಿ ಮೋಸ ಹೋಗುವುದು ಒಂದೇ ಮಾತಿನಲ್ಲಿ: ‘ಐ5 ಸರ್, ಒಳ್ಳೇ ಪ್ರೊಸೆಸರ್.’ ಐ5 ಎಂಬ ಹೆಸರು 2009ರಿಂದ ಇದೆ. ಯಾವ ಜನರೇಷನ್, ಅಂದರೆ ಎಷ್ಟನೇ ತಲೆಮಾರಿನದು ಎಂಬುದೇ ಮುಖ್ಯ. ಅದು ಪ್ರೊಸೆಸರ್ ನಂಬರಿನಲ್ಲೇ ಇರುತ್ತದೆ: ಐ5-3470 ಮೂರನೆಯದು, ಐ5-6500 ಆರನೆಯದು, ಐ5-8500 ಎಂಟನೆಯದು, ಐ5-10400 ಹತ್ತನೆಯದು.

ಎಂಟನೆಯದಕ್ಕಿಂತ ಕೆಳಗೆ ಹೋಗಬೇಡಿ. ಕಾರಣ ವೇಗ ಮಾತ್ರ ಅಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ನ್ನು ಮೈಕ್ರೋಸಾಫ್ಟ್ ಒಪ್ಪುವುದು, ಒಂದೆರಡು ಅಪವಾದ ಬಿಟ್ಟರೆ, ಇಂಟೆಲ್ ಎಂಟನೇ ಜನರೇಷನ್ನಿನಿಂದ ಮೇಲಿನವುಗಳಲ್ಲಿ. ಎಎಂಡಿ ಕಂಪನಿಯ ಪ್ರೊಸೆಸರ್ ಆದರೆ ರೈಜನ್ 2000 ಸರಣಿಯ ಬಹುಪಾಲಿನಿಂದ ಮೇಲೆ. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು. ನಾಲ್ಕು, ಆರನೇ ಜನರೇಷನ್ನಿಗೂ ವಿಂಡೋಸ್ 11 ಒತ್ತಾಯದಿಂದ ಹಾಕಿ ಮಾರುವವರಿದ್ದಾರೆ. ಅದು ಓಡುತ್ತದೆ ನಿಜ, ಆದರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟ್ ತಾನಾಗಿ ಬರುವುದಿಲ್ಲ. ಹೊಸದಾಗಿ ಕಲಿಯುವವರ ಕೈಗೆ ಅಂಥದ್ದನ್ನು ಕೊಡುವುದು ತಪ್ಪು.

ಹುಡುಕಬೇಕಾದ ಹೆಸರುಗಳು: ಡೆಲ್ ಆಪ್ಟಿಪ್ಲೆಕ್ಸ್ 3060, 5060, 7060, ಲೆನೊವೊ ಥಿಂಕ್‌ಸೆಂಟರ್ ಎಂ720, ಎಚ್‌ಪಿ ಪ್ರೊಡೆಸ್ಕ್ 600 ಜಿ4, ಎಲೈಟ್‌ಡೆಸ್ಕ್ 800 ಜಿ4. ಲ್ಯಾಪ್‌ಟಾಪಿನಲ್ಲಿ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490, ಎಚ್‌ಪಿ ಎಲೈಟ್‌ಬುಕ್ 840 ಜಿ5. ಲ್ಯಾಪ್‌ಟಾಪುಗಳಲ್ಲಿ ಅದೇ ಹೆಸರಿನ ಕೆಲವು ಯಂತ್ರಗಳಲ್ಲಿ ಏಳನೇ ಜನರೇಷನ್ ಪ್ರೊಸೆಸರ್ ಕೂಡ ಇರುತ್ತದೆ, ಆದ್ದರಿಂದ ಮಾದರಿಯ ಹೆಸರು ಕೇಳಿ ಸುಮ್ಮನಾಗದೆ ಪ್ರೊಸೆಸರ್ ನಂಬರನ್ನೇ ಓದಿ. ಎಂಟನೇ ಜನರೇಷನ್ನಿನ ಡೆಸ್ಕ್‌ಟಾಪ್ ಐ3ಯಲ್ಲೂ ನಾಲ್ಕು ಕೋರ್ (ಒಟ್ಟಿಗೆ ಕೆಲಸ ಮಾಡುವ ಭಾಗ) ಇದೆ. ಮಕ್ಕಳ ಓದಿಗೆ, ಲೆಕ್ಕಕ್ಕೆ ಅದು ಧಾರಾಳ. ಮೂರನೇ ಜನರೇಷನ್ನಿನ ಐ7ಗಿಂತ ಎಂಟನೇ ಜನರೇಷನ್ನಿನ ಐ3ಯನ್ನೇ ಆರಿಸಿ.

‘ಹೊಸ ಅಸೆಂಬಲ್ಡ್ ಪಿಸಿ’ ಎಂದು ಹದಿನಾಲ್ಕು ಹದಿನೈದು ಸಾವಿರಕ್ಕೆ ಕೊಡುವುದರ ಬಗ್ಗೆ ವಿಶೇಷ ಎಚ್ಚರ ಬೇಕು. ಕ್ಯಾಬಿನೆಟ್ ಹೊಸದು, ಒಳಗೆ ಬಣ್ಣದ ದೀಪ ಬೇರೆ. ಆದರೆ ಎಲ್ಲ ಭಾಗಗಳೂ ಕೂರುವ ಒಳಗಿನ ಮುಖ್ಯ ಬೋರ್ಡ್ ಎಚ್61 ಅಥವಾ ಎಚ್81 ಆಗಿದ್ದರೆ ಅದರಲ್ಲಿ ಕೂರುವುದು ಎರಡು, ಮೂರು, ನಾಲ್ಕನೇ ಜನರೇಷನ್ನಿನ ಹಳೇ ಪ್ರೊಸೆಸರ್. ಬಿಲ್ಲಿನಲ್ಲಿ ಬೋರ್ಡಿನ ಹೆಸರು ಬರೆಯಲು ಹೇಳಿ. ಬರೆಯಲು ಹಿಂಜರಿದರೆ ವಿಷಯ ಅರ್ಥವಾದಂತೆ.

ಹೊಸ ಲ್ಯಾಪ್‌ಟಾಪುಗಳಲ್ಲಿ ಎಲ್ಲಕ್ಕಿಂತ ಅಗ್ಗದವು ಇನ್ನೊಂದು ಬಲೆ. ಸೆಲೆರಾನ್ ಎನ್4020 ಎಂದರೆ ಎರಡೇ ಕೋರ್. ಅದರ ಜೊತೆ 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಎಂಬ ಅಗ್ಗದ ಸ್ಟೋರೇಜ್ ಇದ್ದರೆ ವಿಂಡೋಸ್ ಅಪ್‌ಡೇಟಿಗೇ ಜಾಗ ಸಾಲದು. ರ‍್ಯಾಮ್, ಸ್ಟೋರೇಜ್ ಎರಡೂ ಸಾಮಾನ್ಯವಾಗಿ ಬೋರ್ಡಿಗೆ ಬೆಸೆದಿರುವುದರಿಂದ ಮುಂದೆ ಹೆಚ್ಚಿಸುವ ದಾರಿಯೂ ಇಲ್ಲ. ಹೊಸದೇ ಬೇಕು ಎನ್ನುವವರು ನಾಲ್ಕು ಕೋರಿನ ಇಂಟೆಲ್ ಎನ್100ನಿಂದ ಶುರುಮಾಡಿ, 8 ಜಿಬಿ ರ‍್ಯಾಮ್ ಮತ್ತು ಕಡತಗಳು ಉಳಿಯುವ ವೇಗದ ಸ್ಟೋರೇಜ್ ಆದ ನಿಜವಾದ 256 ಜಿಬಿ ಎಸ್‌ಎಸ್‌ಡಿ ಇದೆಯೇ ನೋಡಿ.

ಎಸ್‌ಎಸ್‌ಡಿ ಇಲ್ಲದ ಯಂತ್ರವನ್ನು ಮುಟ್ಟಲೇಬೇಡಿ. ‘500 ಜಿಬಿ’, ‘1 ಟಿಬಿ’ ಎಂದು ದೊಡ್ಡ ಸಂಖ್ಯೆ ಹೇಳಿದರೆ ಅದು ತಿರುಗುವ ಹಾರ್ಡ್‌ಡಿಸ್ಕ್ ಆಗಿರುವ ಸಾಧ್ಯತೆ ಹೆಚ್ಚು. ಅದರಲ್ಲಿ ವಿಂಡೋಸ್ 11 ಏಳಲು ಎರಡು ಮೂರು ನಿಮಿಷ ತೆಗೆದುಕೊಳ್ಳುತ್ತದೆ, ಕರೆಂಟ್ ಪಟ್ ಎಂದು ಹೋದಾಗ ಡಿಸ್ಕಿಗೆ ಪೆಟ್ಟೂ ಬೀಳುತ್ತದೆ. 256 ಜಿಬಿ ಎಸ್‌ಎಸ್‌ಡಿ ಸಾಕು. ಸಾಟಾ, ಎನ್‌ವಿಎಂಇ ಎಂದು ಎರಡು ಬಗೆ ಇವೆ. ಈ ಕೆಲಸಗಳಲ್ಲಿ ಅವುಗಳ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಹೆಚ್ಚು ಕೊಡಬೇಡಿ. ರ‍್ಯಾಮ್ 8 ಜಿಬಿ ಡಿಡಿಆರ್4. ಸಾಧ್ಯವಾದರೆ 4+4 ಬೇಡ, 8ರ ಒಂದೇ ತುಂಡು ಕೇಳಿ. ಎರಡನೇ ಸ್ಲಾಟ್ ಖಾಲಿ ಉಳಿದರೆ ಮುಂದೆ ಏನನ್ನೂ ಎಸೆಯದೆ ಸೇರಿಸಬಹುದು. 2025ರ ಕೊನೆಯಿಂದ ರ‍್ಯಾಮ್ ದರ ಜೋರಾಗಿ ಏರಿರುವುದರಿಂದ ಇದು ಸಣ್ಣ ಮಾತಲ್ಲ.

25,000 ರೂಪಾಯಿ ಒಟ್ಟು ಮಿತಿ ಎಂದಿಟ್ಟುಕೊಂಡರೆ ಹೀಗೆ ಹಂಚಿ: ಯಂತ್ರಕ್ಕೆ 15,000, ಮಾನಿಟರಿಗೆ 5,000ದಿಂದ 6,000, ಯುಪಿಎಸ್‌ಗೆ 3,000, ಕೀಬೋರ್ಡ್, ಮೌಸ್, ಕೇಬಲ್ಲಿಗೆ ಸಾವಿರ. ಬಿಗಿಯಾದರೆ ಮಾನಿಟರನ್ನು ಮುಂದೂಡಿ, ಎಚ್‌ಡಿಎಂಐ ಇರುವ ಮನೆಯ ಟಿವಿಗೇ ಜೋಡಿಸಿ. ಯುಪಿಎಸ್ ಮುಂದೂಡಬೇಡಿ.

ಅಂಗಡಿಯಲ್ಲಿ ಮುಕ್ಕಾಲು ಗಂಟೆ

ಒಂದು ಪೆನ್‌ಡ್ರೈವ್, ಫೋನ್, ಫೋನಿನ ಡೇಟಾ ಕೇಬಲ್ ತೆಗೆದುಕೊಂಡು ಹೋಗಿ. ಯಂತ್ರ ಮೊದಲೇ ಆನ್ ಆಗಿದ್ದರೆ ಆಫ್ ಮಾಡಿಸಿ, ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು ಮತ್ತೆ ಹಾಕಿಸಿ. ವಿಂಡೋಸ್ ಪರದೆ ಅರ್ಧ ನಿಮಿಷದೊಳಗೆ ಬರಬೇಕು. ಇಂಟರ್‌ನೆಟ್ ಕೊಡುವ ಮೊದಲು ತಾರೀಖು ನೋಡಿ. ಹಿಂದಿನ ಯಾವುದೋ ವರ್ಷಕ್ಕೆ ಹೋಗಿದ್ದರೆ ಬೋರ್ಡ್ ಮೇಲಿನ ಸಿಆರ್2032 ಸೆಲ್ ಸತ್ತಿದೆ. ಸಣ್ಣ ದುಡ್ಡಿನ ಸೆಲ್ ಅದು, ಅಲ್ಲೇ ಹಾಕಿಸಿ. ಹಾಕಿಸದಿದ್ದರೆ ಪ್ರತಿ ಸಲ ಪ್ಲಗ್ ತೆಗೆದಾಗ ತಾರೀಖು ತಪ್ಪುತ್ತದೆ, ಆಗ ಬ್ಯಾಂಕ್, ಸೇವಾ ಸಿಂಧುವಿನಂತಹ ಜಾಲತಾಣಗಳು ‘ಸುರಕ್ಷಿತವಲ್ಲ’ ಎಂದು ತೆರೆಯುವುದೇ ಇಲ್ಲ. ಹೊಸಬರು ಇಂಟರ್‌ನೆಟ್ ಕೆಟ್ಟಿದೆ ಎಂದುಕೊಂಡು ದಿನಗಟ್ಟಲೆ ಒದ್ದಾಡುತ್ತಾರೆ.

ನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ಪರ್ಫಾರ್ಮೆನ್ಸ್’ನಲ್ಲಿ ಪ್ರೊಸೆಸರ್ ನಂಬರ್, ರ‍್ಯಾಮ್ ಎಷ್ಟು, ಎಷ್ಟು ಸ್ಲಾಟ್ ತುಂಬಿದೆ, ಡಿಸ್ಕ್ ಎಸ್‌ಎಸ್‌ಡಿಯೇ ಎಂಬುದು ಕಾಣುತ್ತದೆ. ಮಾರುವವರ ಬಾಯಿಮಾತಿಗಿಂತ ಈ ಒಂದು ಕಿಟಕಿ ಮೇಲು. ಸೆಟ್ಟಿಂಗ್ಸ್‌ನ ‘ಆ್ಯಕ್ಟಿವೇಷನ್’ನಲ್ಲಿ ವಿಂಡೋಸ್ ‘ಆ್ಯಕ್ಟಿವ್’ ಎಂದಿರಬೇಕು. ಕಂಪನಿ ಡೆಸ್ಕ್‌ಟಾಪ್‌ಗಳಲ್ಲಿ ವಿಂಡೋಸ್ ಕೀ ಸಾಮಾನ್ಯವಾಗಿ ಬೋರ್ಡಿನಲ್ಲೇ ಇರುತ್ತದೆ, ಕಳ್ಳದಾರಿಯ ಆ್ಯಕ್ಟಿವೇಟರ್ ಅಗತ್ಯವೇ ಇಲ್ಲ. ಆ್ಯಂಟಿವೈರಸ್ ಆಫ್ ಆಗಿದೆ, ಆನ್ ಮಾಡಬೇಡಿ ಎಂದು ಹೇಳಿದರೆ ಒಳಗೆ ಅಂಥದ್ದೇನೋ ಇದೆ ಎಂದರ್ಥ. ಬೇರೆ ಯಂತ್ರ ಕೇಳಿ.

ಇನ್ನೊಂದು ಸಲ ರೀಸ್ಟಾರ್ಟ್ ಮಾಡಿ ಬಯಾಸ್ (ವಿಂಡೋಸಿಗೂ ಮೊದಲು ಬರುವ ಯಂತ್ರದ ಸ್ವಂತ ಸೆಟ್ಟಿಂಗ್) ತೆರೆಯಿರಿ: ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಸೆಂಟರ್, ಥಿಂಕ್‌ಪ್ಯಾಡಿನಲ್ಲಿ ಎಫ್1. ಪಾಸ್‌ವರ್ಡ್ ಕೇಳಿದರೆ ಕೊಳ್ಳಬೇಡಿ. ಅದು ಹಿಂದಿನ ಕಚೇರಿಯವರು ಹಾಕಿದ್ದು, ತೆಗೆಸಲು ಬೋರ್ಡಿಗೇ ಕೈಹಾಕಬೇಕಾಗುತ್ತದೆ. ಪಾಸ್‌ವರ್ಡ್ ಇಲ್ಲದಿದ್ದರೆ ಅಲ್ಲೇ ‘ಎಸಿ ರಿಕವರಿ’ ಅಥವಾ ‘ಆಫ್ಟರ್ ಪವರ್ ಲಾಸ್’ ಎಂಬ ಆಯ್ಕೆಯನ್ನು ‘ಆಫ್’ಗೆ ಇಡಿ. ಇಲ್ಲವಾದರೆ ಮಳೆಗಾಲದಲ್ಲಿ ಕರೆಂಟ್ ಬಂದು ಹೋಗಿ ಮಾಡುವಾಗ ಯಂತ್ರವೂ ಪ್ರತಿ ಸಲ ತಾನೇ ಆನ್ ಆಗಿ ಬೀಳುತ್ತಿರುತ್ತದೆ.

ಪೆನ್‌ಡ್ರೈವನ್ನು ಎಲ್ಲ ಯುಎಸ್‌ಬಿ ತೂತುಗಳಿಗೂ ಹಾಕಿ ನೋಡಿ. ಒಂದು ವೀಡಿಯೊವನ್ನು ಹದಿನೈದು ನಿಮಿಷ ಓಡಿಸಿ ಫ್ಯಾನಿನ ಸದ್ದು ಕೇಳಿ. ವಿಮಾನದಂತೆ ಕೂಗಿದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿದೆ, ಬದಲಿಸಿ ಕೊಡಲು ಹೇಳಿ. ಎಸ್‌ಎಸ್‌ಡಿಯ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. 80ಕ್ಕಿಂತ ಕೆಳಗಿದ್ದರೆ ಬೇರೆ ಎಸ್‌ಎಸ್‌ಡಿ ಕೇಳಿ. ಲ್ಯಾಪ್‌ಟಾಪ್ ಆದರೆ ಎಲ್ಲ ಅಕ್ಷರ ಒತ್ತಿ ನೋಡಿ, ಬಿಳಿ ಪರದೆಯಲ್ಲಿ ಕಲೆ ಹುಡುಕಿ, ಚಾರ್ಜರ್ ಕಿತ್ತು ಇಪ್ಪತ್ತು ನಿಮಿಷ ಓಡಿಸಿ. ಅಷ್ಟರಲ್ಲಿ ಬ್ಯಾಟರಿ ಶೇ. 20ಕ್ಕಿಂತ ಹೆಚ್ಚು ಇಳಿದರೆ ಹೊಸ ಬ್ಯಾಟರಿಯ ಖರ್ಚು ಬೆಲೆಯಲ್ಲಿ ಕಳೆಯಲೇಬೇಕು.

ಕಚೇರಿಯ ಡೆಸ್ಕ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ವೈಫೈ ಇರುವುದಿಲ್ಲ, ಕೆಲವಕ್ಕೆ ಎಚ್‌ಡಿಎಂಐ ಕೂಡ ಇರುವುದಿಲ್ಲ, ಡಿಸ್‌ಪ್ಲೇಪೋರ್ಟ್ ಮಾತ್ರ. ಮನೆಗೆ ಬಂದ ಮೇಲೆ ಕೇಬಲ್ ಹೊಂದಲಿಲ್ಲ ಎಂದು ಮತ್ತೆ ಪೇಟೆಗೆ ಓಡುವುದು ಇದರಿಂದಲೇ. ನೀವು ಬಳಸುವ ಮಾನಿಟರ್ ಅಥವಾ ಟಿವಿಗೆ ಹೊಂದುವ ಕೇಬಲ್ಲನ್ನು ಅಂಗಡಿಯಲ್ಲೇ ಜೋಡಿಸಿ ಚಿತ್ರ ಬರಿಸಿಕೊಳ್ಳಿ. ವೈಫೈಗೆ ಸಣ್ಣ ಯುಎಸ್‌ಬಿ ಡಾಂಗಲ್ ಸಿಗುತ್ತದೆ, ಆದರೆ ಅದೂ ಬೇಕಿಲ್ಲ: ಫೋನನ್ನು ಡೇಟಾ ಕೇಬಲಿನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿದರೆ ನೆಟ್ ಬರುತ್ತದೆ. ಫೋನಿನ ಡೇಟಾ ಬಳಸುವುದಾದರೆ ಆ ನೆಟ್‌ವರ್ಕಿಗೆ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ದಿನದ ಡೇಟಾವನ್ನು ಬೆಳಿಗ್ಗೆಯೇ ನುಂಗಿಬಿಡುತ್ತದೆ.

ಕೊನೆಗೆ ಬಿಲ್. ಜಿಎಸ್‌ಟಿ ಬಿಲ್ಲಿನಲ್ಲಿ ಯಂತ್ರದ ಸೀರಿಯಲ್ ನಂಬರ್, ವಾರಂಟಿ ಎಷ್ಟು ತಿಂಗಳು, ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಎಂಬುದು ಬರೆದಿರಬೇಕು. ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಕಡಿಮೆಗೆ ಸಿಕ್ಕಿತೆಂದು ತರಿಸಿ, ಅದು ಕೆಟ್ಟಾಗ ಮಾನಿಟರ್ ಸಮೇತ ಪಾರ್ಸೆಲ್ ಕಟ್ಟುವುದಕ್ಕಿಂತ ಬಸ್ಸಿನಲ್ಲಿ ಹೋಗಿ ಬರಬಹುದಾದ ಅಂಗಡಿಯೇ ಲಾಭ.

ವಿಂಡೋಸ್ ಬೇಡವೆಂದರೆ

ಹಳೆಯ ನಾಲ್ಕನೇ ಜನರೇಷನ್ ಯಂತ್ರ ಈಗಾಗಲೇ ಮನೆಯಲ್ಲಿದ್ದರೆ ಎಸೆಯಬೇಡಿ. ಎಸ್‌ಎಸ್‌ಡಿ ಹಾಕಿಸಿ ಲಿನಕ್ಸ್ ಮಿಂಟ್ ಅಳವಡಿಸಿ. ಉಚಿತ, 4 ಜಿಬಿ ರ‍್ಯಾಮಿನಲ್ಲೂ ಓಡುತ್ತದೆ. ಬ್ರೌಸರ್, ಲಿಬ್ರೆಆಫೀಸ್, ವೀಡಿಯೊ ಎಲ್ಲ ಸಲೀಸು. ಟ್ಯಾಲಿ ಬೇಕಾದವರು, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶವೇ ಬೇಕಾದವರು, ಡಿಜಿಟಲ್ ಸಹಿಯ ಟೋಕನ್ ಬಳಸುವವರು ವಿಂಡೋಸಿನಲ್ಲೇ ಇರಿ.

ಕನ್ನಡ ಟೈಪಿಂಗಿಗೆ ಎರಡರಲ್ಲೂ ದುಡ್ಡು ಬೇಡ. ವಿಂಡೋಸಿನಲ್ಲಿ ಭಾಷೆಗಳ ಸೆಟ್ಟಿಂಗಿಗೆ ಹೋಗಿ ಕನ್ನಡ ಸೇರಿಸಿದರೆ ಫೊನೆಟಿಕ್ ಕೀಬೋರ್ಡೂ ಸಿಗುತ್ತದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು. ಕಚೇರಿಗಳಲ್ಲಿ ಬಳಸುವ ಕೆಜಿಪಿ ವಿನ್ಯಾಸ ಕಲಿತವರಿಗೆ ನುಡಿ ಉಚಿತವಾಗಿ ಸಿಗುತ್ತದೆ, ಲಿನಕ್ಸಿನಲ್ಲಿ ಐಬಸ್ ಎಂಬ ಕೀಬೋರ್ಡ್ ತಂತ್ರಾಂಶದ ಮೂಲಕ ಅದೇ ವಿನ್ಯಾಸ ಬರುತ್ತದೆ. ನುಡಿ ಬಳಸುವಾಗ ಎಲ್ಲ ಕಂಪ್ಯೂಟರ್, ಫೋನಿನಲ್ಲೂ ಓದಲು ಬರುವ ಯೂನಿಕೋಡ್ ಆರಿಸಿಕೊಳ್ಳಿ. ಹಳೆಯ ನುಡಿ ಅಕ್ಷರದಲ್ಲಿ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಕಳಿಸಿದರೆ ಅಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ, ಫೋನಿನಲ್ಲಂತೂ ಓದಲಿಕ್ಕೇ ಆಗುವುದಿಲ್ಲ.

ಕರೆಂಟ್, ಸಿಡಿಲು, ಬೂಸ್ಟು

600 ವಿಎ ಯುಪಿಎಸ್ ಒಂದು ಡೆಸ್ಕ್‌ಟಾಪಿಗೆ ಸಾಕು. ಒಳಗಿರುವುದು 12 ವೋಲ್ಟಿನ 7 ಎಎಚ್ ಬ್ಯಾಟರಿ. ಮಿನಿ ಪಿಸಿ ಮತ್ತು ಎಲ್‌ಇಡಿ ಮಾನಿಟರ್ ಮಾತ್ರ ಹಚ್ಚಿದರೆ ಸುಮಾರು ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ ಬರುತ್ತದೆ. ಪ್ರಿಂಟರ್ ಅದಕ್ಕೆ ಹಾಕಬೇಡಿ. ಎರಡು ಮೂರು ವರ್ಷಕ್ಕೆ ಬ್ಯಾಟರಿ ಬದಲಿಸಬೇಕಾಗುತ್ತದೆ, ಯುಪಿಎಸ್ ಬದಲಿಸಬೇಕಿಲ್ಲ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದು ಸೈನ್‌ವೇವ್ ಆಗಿರಲಿ. ಬಹಳ ಇನ್ವರ್ಟರುಗಳಿಗೆ ‘ಯುಪಿಎಸ್’ ಮತ್ತು ‘ಇಕೊ’ ಅಥವಾ ‘ನಾರ್ಮಲ್’ ಎಂದು ಒಂದು ಸ್ವಿಚ್ ಇರುತ್ತದೆ. ಇಕೊದಲ್ಲಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ದಾಟಲು ತಡವಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಯುಪಿಎಸ್‌ಗೆ ಇಟ್ಟರೆ ಬೇಗ ದಾಟುತ್ತದೆ, ಆದರೆ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದೊಡನೆ ಬ್ಯಾಟರಿಗೆ ಹೋಗಿಬಿಡುತ್ತದೆ. ಲೋ ವೋಲ್ಟೇಜಿನ ಊರಿನಲ್ಲಿ ಸಂಜೆಯೆಲ್ಲ ಬ್ಯಾಟರಿ ಖಾಲಿಯಾಗುವುದಕ್ಕೆ ಕಾರಣ ಇದೇ. ಅಂಥ ಕಡೆ ಇನ್ವರ್ಟರನ್ನು ಇಕೊದಲ್ಲೇ ಬಿಟ್ಟು ಕಂಪ್ಯೂಟರಿಗೆ ಸಣ್ಣ ಯುಪಿಎಸ್ ಬೇರೆ ಇಡಿ.

ಸಿಡಿಲಿಗೆ ನಂಬಬಹುದಾದ ಮದ್ದು ಪ್ಲಗ್ ಕೀಳುವುದು. ಸ್ವಿಚ್ ಆಫ್ ಮಾಡಿದರೆ ಫೇಸ್ ಮಾತ್ರ ಕಡಿಯುತ್ತದೆ. ನ್ಯೂಟ್ರಲ್, ಅರ್ಥ್ ತಂತಿಗಳು ಯಂತ್ರಕ್ಕೆ ಅಂಟಿಕೊಂಡೇ ಇರುತ್ತವೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಮಳೆಗೂ, ಅಕ್ಟೋಬರಿನ ಹಿಂಗಾರಿಗೂ ಮೋಡ ಕಟ್ಟುವಾಗಲೇ ಪ್ಲಗ್ ತೆಗೆಯಿರಿ, ತಲೆಯ ಮೇಲೆ ಗುಡುಗುವಾಗ ತೆಗೆಯಲು ಹೋಗಬೇಡಿ. ರೂಟರಿನಿಂದ ಬರುವ ಲ್ಯಾನ್ ತಂತಿಯನ್ನೂ ಕೀಳಿ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು ಎಂಬುದು ನಿಜ, ಆದರೆ ಕಂಬದಿಂದ ಮನೆಗೆ ಎಳೆಯುವ ಕೇಬಲಿನಲ್ಲಿ ಆಧಾರಕ್ಕೆ ಉಕ್ಕಿನ ತಂತಿ ಇರುವುದುಂಟು, ರೂಟರಿನ ಅಡಾಪ್ಟರ್ ಹೇಗೂ ಲೈನಿಗೇ ಹಾಕಿರುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸ್ಪೈಕ್ ಗಾರ್ಡ್ (ದಿಢೀರ್ ವೋಲ್ಟೇಜ್ ಏರಿಕೆ ತಡೆಯುವ ಪ್ಲಗ್ ಪಟ್ಟಿ) ಮೇಲೆ ಭರವಸೆ ಇಡಬೇಡಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹೊಯ್ಯಿರಿ.

ಯಂತ್ರವನ್ನು ನೆಲದ ಮೇಲೆ ಇಡಬೇಡಿ, ಮಳೆಗಾಲದಲ್ಲಿ ನೆಲವೇ ಬೆವರುತ್ತದೆ. ನೆಲದಿಂದ ಒಂದು ಅಡಿ ಮೇಲೆ, ಗೋಡೆಯಿಂದ ಅರ್ಧ ಅಡಿ ಈಚೆ, ಬಚ್ಚಲೊಲೆಯ ಹೊಗೆ ಬಾರದ ಕೋಣೆಯಲ್ಲಿ ಇರಲಿ. ಹೆಂಚಿನ ಮನೆಯಾದರೆ ಸೋರುವ ಜಾಗ ಮೊದಲ ಮಳೆಗೆ ಗುರುತಿಸಿ ಆಮೇಲೆ ಮೇಜು ಹಾಕಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಥಂಡಿ ಒಳಗೇ ಉಳಿದು ಬೂಸ್ಟು ಹಿಡಿಯುತ್ತದೆ. ಯಂತ್ರ ತಣಿದ ಮೇಲೆ ಹತ್ತಿಯ ಬಟ್ಟೆ ಹೊದಿಸಿ. ಹಿಂಬದಿಯ ಖಾಲಿ ಕಿಂಡಿಗಳಿಗೆ ಲೋಹದ ಪಟ್ಟಿ ಹಾಕಿಸಿ, ಹಲ್ಲಿ, ಇರುವೆ ನುಗ್ಗುವುದು ಅಲ್ಲಿಂದಲೇ. ಒಳಗೆ ಇರುವೆ ಔಷಧಿ ಹೊಡೆಯಬೇಡಿ. ಆರಿದ್ರೆಯಿಂದ ಆಶ್ಲೇಷದವರೆಗೆ ಕೆಲಸವಿರಲಿ ಇಲ್ಲದಿರಲಿ ದಿನಕ್ಕೆ ಒಂದು ಗಂಟೆ ಓಡಿಸಿ. ಯಂತ್ರದ ಸ್ವಂತ ಬಿಸಿಯೇ ಒಳಗಿನ ತೇವ ಆರಿಸುತ್ತದೆ.

ಇಷ್ಟಾದರೂ ಒಂದು ದಿನ ಫ್ಯಾನ್ ತಿರುಗಿ, ಬೀಪ್ ಸದ್ದು ಬಂದು, ಪರದೆ ಕಪ್ಪಾಗಿಯೇ ಉಳಿದರೆ ಗಾಬರಿಯಾಗಬೇಡಿ. ಮಳೆಗಾಲದಲ್ಲಿ ಇದು ಹೆಚ್ಚಾಗಿ ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳಿಗೆ ಕಿಲುಬು ಕೂತದ್ದು. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ ಖಾಲಿ ಮಾಡಿ. ಎರಡೂ ಬದಿಯ ಕ್ಲಿಪ್ ಸರಿಸಿ ರ‍್ಯಾಮ್ ತೆಗೆಯಿರಿ, ಪೆನ್ಸಿಲ್ ರಬ್ಬರಿನಿಂದ ಹಲ್ಲುಗಳನ್ನು ಹಗುರವಾಗಿ ಉಜ್ಜಿ, ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ, ಕ್ಲಿಪ್ ‘ಟಕ್’ ಎನ್ನುವವರೆಗೆ ಮತ್ತೆ ಒತ್ತಿ ಕೂರಿಸಿ. ಬಾಯಿಂದ ಊದಬೇಡಿ, ಉಸಿರಿನ ತೇವ ಮತ್ತೆ ಅಲ್ಲೇ ಕೂರುತ್ತದೆ.